ಸಾವಿರ ಡಾಲರ್ ಒಳಗಿನ 5-25×50 ರೈಫಲ್ ಸ್ಕೋಪ್: ಒಂದು ವರ್ಷ ಆಯ್ತು, ಇಟ್ಟುಕೊಳ್ಳಲೋ ಮಾರಲೋ?

ಹೂಸ್ಟನ್_ಹಾಸನ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯಲೇಬೇಕಾಯಿತು.

ಹನ್ನೊಂದು ವರ್ಷ ಗ್ರೀನ್ ಕಾರ್ಡ್ ಸರದಿಯಲ್ಲಿ ನಿಂತು, ಅದು ಕೈಗೆ ಬಂದ ತಿಂಗಳೇ 6.5 ಕ್ರೀಡ್‌ಮೋರ್ ತೋಟಾದ ಒಂದು ರೈಫಲ್ ತಂದೆ. 20 ಇಂಚಿನ ಬ್ಯಾರೆಲ್. ಅದರ ಮೇಲೆ 5-25×50 ಸ್ಕೋಪ್ (ಗುರಿ ನೋಡುವ ದುರ್ಬೀನು, 5ರಿಂದ 25 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ), ಫಸ್ಟ್ ಫೋಕಲ್ ಪ್ಲೇನ್ (ಚಿತ್ರ ದೊಡ್ಡದಾದ ಹಾಗೆ ಒಳಗಿನ ಗುರಿಗೆರೆಗಳೂ ದೊಡ್ಡದಾಗುತ್ತವೆ), ಮಿಲ್ ಎಂಬ ಕೋನದ ಅಳತೆಯ ಲೆಕ್ಕದ್ದು. ಕಂಪನಿ ಹೆಸರು ಹೇಳುವುದಿಲ್ಲ. ತಪ್ಪು ಯಾರದ್ದು ಅಂತ ಗೊತ್ತಾಗುವ ಮೊದಲೇ ಒಬ್ಬರ ಹೆಸರು ಕೆಡಿಸುವುದು ಬೇಡ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಟರೆಟ್ (ಗುರಿಯನ್ನು ಮೇಲೆ ಕೆಳಗೆ ಹೊಂದಿಸುವ ಗುಂಡಿ) ತಿರುಗಿಸಿದಾಗ ಕ್ಲಿಕ್ ಬೆರಳಿಗೂ ಗೊತ್ತಾಗುತ್ತದೆ, ಕಿವಿಗೂ ಕೇಳುತ್ತದೆ. ಝೀರೋ ಸ್ಟಾಪ್ ಇದೆ (ಹೊಂದಿಸಿಟ್ಟ ಮೂಲ ಗುರಿ, ಅಂದರೆ ಝೀರೋ ಬಂದಾಗ ಟರೆಟ್ ತಾನೇ ನಿಲ್ಲುತ್ತದೆ), ಹಾಗಾಗಿ ಎಷ್ಟು ಸುತ್ತು ತಿರುಗಿಸಿದೆ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎರಡು ಸಲ ಕಾರಿನ ಡಿಕ್ಕಿಯಲ್ಲಿ ಉರುಳಾಡಿದೆ, ಝೀರೋ ಅಲ್ಲಾಡಿಲ್ಲ. 15ರವರೆಗೆ ಗಾಜು ಬಹಳ ಚೆನ್ನಾಗಿದೆ. 20 ದಾಟಿದರೆ ಸ್ವಲ್ಪ ಕತ್ತಲು, ಕಣ್ಣು ಒಂದು ಕೂದಲು ಅತ್ತಿತ್ತ ಆದರೂ ಚಿತ್ರವೇ ಮಾಯ.

ಈಗ ಸಮಸ್ಯೆ. 100 ಗಜದಲ್ಲಿ ಮೂರು ಗುಂಡು ಒಂದೇ ತೂತಿನ ಹಾಗೆ ಬೀಳುತ್ತವೆ. 300ರಲ್ಲೂ ಸರಿ. ಸಾವಿರ ಗಜಕ್ಕೆ ಹೋದರೆ ಮಾತ್ರ ಪ್ರತಿ ಸಲ ಕೆಳಗೆ ಬೀಳುತ್ತದೆ. ಗುಂಡು ಎಷ್ಟು ಇಳಿಯುತ್ತದೆ ಅಂತ ಲೆಕ್ಕ ಹಾಕುವ ಫೋನಿನ ಆ್ಯಪ್ 8.8 ಮಿಲ್ ಹಾಕು ಅನ್ನುತ್ತದೆ, ಹಾಕುತ್ತೇನೆ, ಗುರಿಗೆ ನಿಲ್ಲಿಸಿದ ಉಕ್ಕಿನ ತಟ್ಟೆಯ ಕೆಳಗೆ ಧೂಳು ಏಳುತ್ತದೆ. ಪಕ್ಕದ ಬೆಂಚಿನವರು ನೋಡಿ "0.8 ಕಡಿಮೆ" ಅಂದರು. ಅವರ ರೈಫಲ್ ಮೇಲಿದ್ದದ್ದು ಷ್ಮಿಟ್ ಅಂಡ್ ಬೆಂಡರ್ ಕಂಪನಿಯ ಸ್ಕೋಪ್, ಮೂರು ಸಾವಿರ ಡಾಲರ್ ದಾಟುವ ಮಾಲು. ನನ್ನದನ್ನು ನೋಡಿ ನಕ್ಕರು. ಅಗ್ಗದ ಸ್ಕೋಪ್‌ನ ಕ್ಲಿಕ್ ನಂಬಬೇಡ ಅಂತ ಉಪದೇಶ ಬೇರೆ.

ಮಾರಿಬಿಡಲಾ? ಅನುಭವ ಇರುವವರು ಹೇಳಿ.

ಕರಾವಳಿ_ಕಂಡಕ್ಟರ್

ಮಾರಾಯ್ರೇ, ನೀವು ಇದನ್ನು ಅಗ್ಗ ಅಂತೀರಾ? ನನ್ನ ಮೊದಲ ಕಾರಿನ ಬೆಲೆ ಅದು.

ಡೆನ್ವರ್_ಅಕ್ಕ

ನನ್ನ ಹತ್ತಿರ ವೋರ್ಟೆಕ್ಸ್ ವೈಪರ್ ಪಿಎಸ್‌ಟಿ ಜೆನ್ 2, ಅದೂ 5-25×50. ಮೂರು ವರ್ಷದಿಂದ ಇದೆ. ಹೆಸರು ಹೇಳಲು ಹೆದರಿಕೆ ಇಲ್ಲ, ದೂರು ಇಲ್ಲವಲ್ಲ.

ತೂಕ ಮಾತ್ರ ಕೊಳ್ಳುವ ಮೊದಲೇ ಗೊತ್ತಿರಲಿ. ಸ್ಕೋಪ್ ಒಂದೇ ಹತ್ತಿರ ಹತ್ತಿರ 900 ಗ್ರಾಂ. ಬೆಂಚಿನ ಮೇಲೆ ಕೂತು ಹೊಡೆಯುವವರಿಗೆ ಅದು ಲೆಕ್ಕಕ್ಕಿಲ್ಲ. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಬೆಟ್ಟ ಹತ್ತುವವರು ಬೇರೆ ನೋಡಿಕೊಳ್ಳಿ. ಗಂಡನ ಜೊತೆ ಒಮ್ಮೆ ಹತ್ತಿದೆ, ಇಳಿಯುವಾಗ ರೈಫಲ್ ಅವರ ಹೆಗಲಿಗೆ ಹೋಗಿತ್ತು.

20 ದಾಟಿದರೆ ಕತ್ತಲು ಅಂದಿರಲ್ಲ, ಅದು ಸ್ಕೋಪ್‌ನ ದೋಷ ಅಲ್ಲ. ಮುಂದಿನ ಗಾಜು 50 ಮಿಲಿಮೀಟರ್. 25 ಪಟ್ಟು ಮಾಡಿದಾಗ ಕಣ್ಣಿಗೆ ಬರುವ ಬೆಳಕಿನ ಕಂಬ 50 ಭಾಗಿಸು 25, ಅಂದರೆ 2 ಮಿಲಿಮೀಟರ್ ಅಷ್ಟೇ. 15ರಲ್ಲಿ ಅದೇ 3.3. ಸಂಜೆ ಹೊತ್ತಿಗೆ ನಮ್ಮ ಕಣ್ಣಿನ ಪಾಪೆ ಅದಕ್ಕಿಂತ ಅಗಲ ತೆರೆದಿರುತ್ತದೆ, ಅದಕ್ಕೇ ಕತ್ತಲು ಅನ್ನಿಸುತ್ತದೆ. ಮೂರು ಸಾವಿರದ ಗಾಜು ಹಾಕಿದರೂ ಈ ಭಾಗಾಕಾರ ಬದಲಾಗುವುದಿಲ್ಲ. ಆ ಪಕ್ಕದ ಬೆಂಚಿನವರದ್ದು 56 ಮಿಲಿಮೀಟರ್, ಹಾಗಾಗಿ 2.2. ಅಂಚಿನವರೆಗೂ ಚಿತ್ರ ಚೂಪಾಗಿರುತ್ತದೆ, ಬಣ್ಣ ನಿಜವಾಗಿರುತ್ತದೆ. ದುಡ್ಡು ಹೋಗುವುದು ಅಲ್ಲಿಗೆ.

ಇಷ್ಟಾಗಿ ನಾನು 25ಕ್ಕೆ ಹೋಗುವುದೇ ಕಡಿಮೆ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತಾದರೆ ನೆಲದಿಂದ ಬಿಸಿಲ್ಗುದುರೆ ಏಳುತ್ತದೆ. 25ರಲ್ಲಿ ತಟ್ಟೆ ನೀರಿನೊಳಗಿನ ಮೀನಿನ ಹಾಗೆ ಕುಣಿಯುತ್ತದೆ. 14ಕ್ಕೆ ಇಳಿಸಿದರೆ ಕುಣಿತ ಕಡಿಮೆ ಕಾಣುತ್ತದೆ, ಗಾಳಿ ಯಾವ ಕಡೆ ಅಂತಲೂ ತಿಳಿಯುತ್ತದೆ.

ಮಾರುವುದಾದರೆ 600ಕ್ಕೆ ನಾನು ತೆಗೆದುಕೊಳ್ಳುತ್ತೇನೆ. ಮಗಳ ರೈಫಲ್‌ಗೆ ಬೇಕು.

ಗಣಿತ_ಮೇಷ್ಟ್ರು

ಅಕ್ಕ, ಸ್ವಲ್ಪ ತಡೆಯಿರಿ. ರೋಗಿ ಇನ್ನೂ ಬದುಕಿದ್ದಾನೆ, ಆಗಲೇ ಹಾಸಿಗೆ ಕೇಳುತ್ತೀರಲ್ಲ.

ಹಾಸನದವರೇ, ಸ್ಕೋಪ್ ಮೇಲೆ ಅನುಮಾನ ಇದ್ದರೆ ಅದನ್ನೇ ಕೇಳಿ. ಸಾವಿರ ಗಜದ ಧೂಳು ನೋಡಿ ತೀರ್ಪು ಕೊಡಬೇಡಿ. ಅಲ್ಲಿ ಗಾಳಿ, ಗುಂಡಿನ ವೇಗ, ನಿಮ್ಮ ಉಸಿರು ಎಲ್ಲ ಸೇರಿಕೊಂಡಿರುತ್ತವೆ.

ಮಾಡಬೇಕಾದ್ದು ಇಷ್ಟು. ಎತ್ತರದ ಒಂದು ರಟ್ಟು ತನ್ನಿ. ನಮ್ಮೂರ ಗಾರೆ ಮೇಸ್ತ್ರಿಗಳ ಹಾಗೆ ತೂಗುಗುಂಡು ಬಿಟ್ಟು ಅದರ ಮೇಲೆ ನೇರ ಗೆರೆ ಎಳೆಯಿರಿ. ಕೆಳಗೆ ಒಂದು ಚುಕ್ಕೆ. ಅಲ್ಲಿಂದ ಸರಿಯಾಗಿ 36 ಇಂಚು ಮೇಲೆ ಇನ್ನೊಂದು. ರಟ್ಟನ್ನು 100 ಗಜದಲ್ಲಿ ನಿಲ್ಲಿಸಿ. ಝೀರೋದಲ್ಲಿ ಕೆಳಗಿನ ಚುಕ್ಕೆಗೆ ಐದು ಗುಂಡು. ಆಮೇಲೆ 10 ಮಿಲ್ ಮೇಲಕ್ಕೆ ತಿರುಗಿಸಿ, ಮತ್ತೆ ಅದೇ ಕೆಳಗಿನ ಚುಕ್ಕೆಗೇ ಗುರಿಯಿಟ್ಟು ಐದು. ಒಂದು ಮಿಲ್ ಅಂದರೆ ದೂರದ ಸಾವಿರದ ಒಂದು ಭಾಗ. 100 ಗಜದಲ್ಲಿ 3.6 ಇಂಚು. ಹತ್ತು ಮಿಲ್‌ಗೆ 36. ಗುಂಡು ಅಲ್ಲೇ ಬಿದ್ದರೆ ನಿಮ್ಮ ಕ್ಲಿಕ್ ಸತ್ಯ ಹೇಳುತ್ತಿದೆ.

ಗುಂಪು ಗೆರೆಯ ಮೇಲೇ ಇದೆಯೋ ಪಕ್ಕಕ್ಕೆ ಹೋಗಿದೆಯೋ ಅಂತಲೂ ನೋಡಿ. ಪಕ್ಕಕ್ಕೆ ಹೋದರೆ ಸ್ಕೋಪ್ ತನ್ನನ್ನು ರೈಫಲ್‌ಗೆ ಬಿಗಿಯುವ ರಿಂಗಿನಲ್ಲಿ ವಾಲಿಕೊಂಡು ಕೂತಿದೆ, ಇಲ್ಲವೇ ನೀವು ರೈಫಲ್ ವಾಲಿಸಿ ಹಿಡಿಯುತ್ತೀರಿ. ಮೂರೇ ಡಿಗ್ರಿ ವಾಲಿದರೂ, 9 ಮಿಲ್ ಹಾಕಿದಾಗ ಸಾವಿರ ಗಜದಲ್ಲಿ 17 ಇಂಚು ಪಕ್ಕಕ್ಕೆ. ಸ್ಕೋಪ್ ಮೇಲೆ ಕೂರಿಸುವ ಪುಟ್ಟ ರಸಮಟ್ಟ ಸಿಗುತ್ತದೆ, ಹಾಕಿಕೊಳ್ಳಿ.

ಕೊನೆಗೆ ಝೀರೋಗೆ ವಾಪಸ್ ತಂದು ಮತ್ತೆ ಐದು. ಮೊದಲ ಗುಂಪಿನ ಮೇಲೇ ಬೀಳಬೇಕು.

ಕರಾವಳಿ_ಕಂಡಕ್ಟರ್

ಮೇಷ್ಟ್ರು ಹೇಳಿದ ಆ ಕೊನೆಯ ಐದು ಗುಂಡು ಬಿಡಬೇಡಿ. ನನ್ನ ಹಳೆಯ ಸ್ಕೋಪ್ ಅಲ್ಲೇ ಸಿಕ್ಕಿಬಿದ್ದದ್ದು. ಯಾವ ಕಂಪನಿ ಅಂತ ಕೇಳಬೇಡಿ. ಮೇಲೆ ಹೋಗುವಾಗ ಲೆಕ್ಕ ಸರಿ. ಕೆಳಗೆ ಇಳಿಸಿದರೆ ಝೀರೋ ಅರ್ಧ ಇಂಚು ಮೇಲೇ ನಿಲ್ಲುತ್ತಿತ್ತು. ಎರಡು ಗುಂಡು ಹೊಡೆದ ಮೇಲೆ ತಾನಾಗಿ ಸರಿಹೋಗುತ್ತಿತ್ತು. ಹಟಮಾರಿ ಎಮ್ಮೆ ಹಾಗೆ, ಒಂದು ಪೆಟ್ಟು ಬಿದ್ದ ಮೇಲೇ ಹೆಜ್ಜೆ. ನಾನು ಎರಡು ತಿಂಗಳು ನನ್ನ ಕೈಯನ್ನೇ ಬೈದುಕೊಂಡೆ.

ವಾರಂಟಿಗೆ ಕಳಿಸಿದೆ. ಐದು ವಾರ ಸುದ್ದಿಯೇ ಇಲ್ಲ. ಆಮೇಲೆ ಹೊಸದೇ ಬಂತು, ಜೊತೆಗೆ ಚೀಟಿ ಕೂಡ ಇರಲಿಲ್ಲ. ಹೊಸದು ಸರಿ ಇದೆ. ಆದರೂ ಪ್ರತಿ ಋತುವಿಗೆ ಒಮ್ಮೆ ರಟ್ಟು ನಿಲ್ಲಿಸುತ್ತೇನೆ. ಒಮ್ಮೆ ಮೋಸ ಹೋದ ಮನಸ್ಸು.

ತುಮಕೂರು_ತೆಂಗು

ಸಾವಿರ ಗಜ ಅಂತ ಓದಿ ನಗು ಬಂತು. ನನ್ನ ಇಡೀ ತೋಟ ಅಷ್ಟು ಉದ್ದ ಇಲ್ಲ.

ನಾನು ಇಲ್ಲಿ .177 ಇಂಚಿನ ಸ್ಪ್ರಿಂಗ್ ಏರ್ ರೈಫಲ್‌ನಲ್ಲಿ (ಸ್ಪ್ರಿಂಗ್ ಒತ್ತಿದ ಗಾಳಿಯಿಂದ ಗುಂಡು ಹಾರಿಸುವುದು) ಕಾಗದದ ಗುರಿಗೆ ಹೊಡೆಯುವವನು. ಒಂದು ವಿಷಯ ಯಾರೂ ಮೊದಲೇ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸ್ಪ್ರಿಂಗ್ ಗನ್ ಹಿಂದಕ್ಕೆ ಒಮ್ಮೆ ಒದೆಯುತ್ತದೆ, ಆಮೇಲೆ ಪಿಸ್ಟನ್ ಮುಂದೆ ಹೋಗಿ ಬಡಿದಾಗ ಮುಂದಕ್ಕೂ ಒದೆಯುತ್ತದೆ. ಸಾಮಾನ್ಯ ಸ್ಕೋಪ್‌ಗಳ ಒಳಗಿನ ಗಾಜು ಹಿಂದಿನ ಒದೆತಕ್ಕೆ ಮಾತ್ರ ಗಟ್ಟಿ. ನನ್ನ ಮೊದಲನೆಯದರ ರೆಟಿಕಲ್ (ಒಳಗೆ ಕಾಣುವ ಗುರಿಗೆರೆ) ನಾಲ್ಕು ತಿಂಗಳಿಗೆ ಓರೆಯಾಗಿ ಕೂತಿತು. ಅಂಗಡಿಯವನು "ದೊಡ್ಡ ರೈಫಲ್‌ಗೇ ತಡೆಯುತ್ತದೆ ಸಾರ್" ಅಂತ ಮಾರಿದ್ದ. ದೊಡ್ಡದಕ್ಕೆ ತಡೆಯುತ್ತಿತ್ತೋ ಏನೋ, ಚಿಕ್ಕದಕ್ಕೆ ತಡೆಯಲಿಲ್ಲ.

ಇನ್ನೊಂದು, ಪ್ಯಾರಾಲಾಕ್ಸ್ (ಕಣ್ಣು ಸರಿದಾಗ ಗುರಿಗೆರೆ ಗುರಿಯ ಮೇಲೆ ಜಾರಿದ ಹಾಗೆ ಕಾಣುವುದು; ಅದನ್ನು ದೂರಕ್ಕೆ ತಕ್ಕಂತೆ ಹೊಂದಿಸಬೇಕು). ದೂರದ ಹೊಡೆತಕ್ಕೆ ಅಂತ ಮಾಡಿದ ಕೆಲವು ಸ್ಕೋಪ್‌ಗಳು 50 ಗಜಕ್ಕಿಂತ ಹತ್ತಿರ ಫೋಕಸ್ಸೇ ಆಗುವುದಿಲ್ಲ. ಹತ್ತಿರದ ಗುರಿ ಬರೀ ಮಂಜು.

ಡೆನ್ವರ್_ಅಕ್ಕ

ವೈಪರ್ ಪಿಎಸ್‌ಟಿ 25 ಗಜದವರೆಗೂ ಬರುತ್ತದೆ. ಪ್ಯಾರಾಲಾಕ್ಸ್ ಗುಂಡಿಯ ಮೇಲಿರುವ ಅಂಕಿ ನಂಬಬೇಡಿ, ಅದು ಅಂದಾಜು. ತಲೆಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ರೆಟಿಕಲ್ ಗುರಿಯ ಮೇಲೆ ಜಾರಿದರೆ ಇನ್ನೂ ತಿರುಗಿಸಬೇಕು. ಅಂಟಿಸಿದ ಹಾಗೆ ನಿಂತರೆ ಆಯಿತು.

ಹೊಸಬ_ಮಿಶಿಗನ್

ಹಿರಿಯರೇ, ನಾನು ಎಚ್1ಬಿಯಲ್ಲಿ ಇದ್ದೇನೆ. ಮೊದಲು ಸ್ಕೋಪ್ ತೆಗೆದುಕೊಂಡು ಆಮೇಲೆ ರೈಫಲ್ ನೋಡೋಣ ಅಂತಿದ್ದೇನೆ. ಮಿಲ್ ತೆಗೆದುಕೊಳ್ಳಲಾ, ಎಂಒಎ (ಕೋನದ ಇನ್ನೊಂದು ಅಳತೆ) ತೆಗೆದುಕೊಳ್ಳಲಾ?

ನಿರ್ವಾಹಕ

ಮಿಲ್-ಎಂಒಎ ಪ್ರಶ್ನೆ ಆಮೇಲೆ. ಮೊದಲು ರೈಫಲ್ ವಿಷಯ. ವಲಸೆಯೇತರ ವೀಸಾದಲ್ಲಿ ಇರುವವರು ಬಂದೂಕು ಅಥವಾ ತೋಟಾ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ. ನಿಮಗೆ ಅನ್ವಯಿಸುತ್ತದೋ ಇಲ್ಲವೋ ಅಂತ ವಕೀಲರನ್ನೇ ಕೇಳಿ, ಇಲ್ಲಿ ನಮ್ಮನ್ನಲ್ಲ. ಇದರಲ್ಲಿ ಎಡವಿದರೆ ಹೋಗುವುದು ವೀಸಾ.

ಗಣಿತ_ಮೇಷ್ಟ್ರು

ಯಾವುದಾದರೂ ತೆಗೆದುಕೊಳ್ಳಪ್ಪ, ರೆಟಿಕಲ್ ಮತ್ತು ಟರೆಟ್ ಎರಡೂ ಒಂದೇ ಭಾಷೆ ಮಾತಾಡಿದರೆ ಸಾಕು. ಹಿಂದೆ ರೆಟಿಕಲ್ ಮಿಲ್‌ನಲ್ಲಿ, ಟರೆಟ್ ಎಂಒಎಯಲ್ಲಿ ಇರುವ ಸ್ಕೋಪ್‌ಗಳು ಬರುತ್ತಿದ್ದವು. ಗಂಡ ತಮಿಳು, ಹೆಂಡತಿ ಬಂಗಾಳಿ, ಮಧ್ಯೆ ನಾವು ಅನುವಾದ ಮಾಡಬೇಕು. ಜೊತೆಗೆ ಹೊಡೆಯುವ ಗೆಳೆಯರು ಏನು ಬಳಸುತ್ತಾರೋ ಅದನ್ನೇ ಕೊಳ್ಳುವುದು ಒಳ್ಳೆಯದು. ಅವರು "ಅರ್ಧ ಮಿಲ್ ಎಡಕ್ಕೆ" ಅಂದಾಗ ಕ್ಯಾಲ್ಕುಲೇಟರ್ ಹುಡುಕುವಂತಾಗಬಾರದು.

ಕೊಡಗಿನ_ಕಾಫಿ

ನಮ್ಮಲ್ಲಿ ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಬಂದರೆ ತೆಂಗಿನಮರದ ತುದಿಯ ಕಾಯಿಗೆ ಗುಂಡು. ಸ್ಕೋಪ್ ಎಲ್ಲಾ ಇಲ್ಲ, ಬರೀ ಕಣ್ಣು. ಅಜ್ಜ ಎಂಬತ್ತು ದಾಟಿದರೂ ಕಾಯಿ ಬೀಳಿಸುತ್ತಿದ್ದರು. ಈ ಕ್ಲಿಕ್ ಗಿಕ್ ಕೇಳಿದ್ದರೆ ನಗುತ್ತಿದ್ದರು.

ಆದರೂ ನನಗೆ ಆಸೆ. ಡಿಸೆಂಬರ್‌ನಲ್ಲಿ ಭಾವ ಡಲ್ಲಾಸ್‌ನಿಂದ ಬರುತ್ತಾರೆ. ಸೂಟ್‌ಕೇಸಿನಲ್ಲಿ ಬಟ್ಟೆ ಮಧ್ಯೆ ಒಂದು ಸ್ಕೋಪ್ ಹಾಕಿಕೊಂಡು ಬನ್ನಿ ಅಂದಿದ್ದೇನೆ. ಯಾವುದು ತರಿಸಲಿ?

ಡೆನ್ವರ್_ಅಕ್ಕ

ಯಾವುದೂ ಬೇಡ. ನಿಮ್ಮ ಭಾವನಿಗೆ ಈಗಲೇ ಫೋನ್ ಮಾಡಿ ಬೇಡ ಅನ್ನಿ. ರೈಫಲ್ ಸ್ಕೋಪ್ ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿದೆ. ಚಾಕೊಲೇಟ್, ಬಾದಾಮಿ, ಐಫೋನ್ ತಂದ ಹಾಗಲ್ಲ. ಲೈಸೆನ್ಸ್ ಇಲ್ಲದೆ ಹೊರಗೆ ಒಯ್ದರೆ ಅವರಿಗೆ ಇಲ್ಲಿ ಕೇಸು, ಅಲ್ಲಿ ಇಳಿದಾಗ ಕಸ್ಟಮ್ಸ್ ಬೇರೆ. ನಮ್ಮ ಪರಿಚಯದವರು ಒಬ್ಬರು "ಬರೀ ದುರ್ಬೀನು ತಾನೇ" ಅಂತ ಹೊರಟಿದ್ದರು. ಪುಣ್ಯಕ್ಕೆ ಹೊರಡುವ ಹಿಂದಿನ ರಾತ್ರಿ ಕೇಳಿದರು.

ಕೊಡಗಿನ_ಕಾಫಿ

ಅಯ್ಯೋ. ಫೋನ್ ಮಾಡಿದೆ. ಭಾವನಿಗೆ ಸಮಾಧಾನವೇ ಆಯಿತು, ಸೂಟ್‌ಕೇಸಿನಲ್ಲಿ ಜಾಗ ಉಳಿಯಿತಂತೆ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳಲು ಕೊಡವರಿಗೆ ಇರುವ ಕೋವಿ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದ್ದಾರೆ, ಹಾಗಾಗಿ ಇದೂ ನಡೆಯುತ್ತದೆ ಅಂದುಕೊಂಡಿದ್ದೆ. ಅದು ಬೇರೆ, ಇದು ಬೇರೆ ಅಂತ ಈಗ ತಿಳಿಯಿತು.

ಹೂಸ್ಟನ್_ಹಾಸನ

ಮೇಷ್ಟ್ರೇ, ಶನಿವಾರ ರಟ್ಟು ನಿಲ್ಲಿಸಿದೆ. ತೂಗುಗುಂಡು ಬಿಟ್ಟೆ (ಮಗಳ ಕೀ ಚೈನ್ ದಾರಕ್ಕೆ ಕಟ್ಟಿ). ಗುಂಪುಗಳು ಗೆರೆಯ ಮೇಲೇ ಇವೆ, ವಾಲಿಲ್ಲ. ಝೀರೋಗೆ ವಾಪಸ್ ತಂದಾಗಲೂ ಮೊದಲ ಗುಂಪಿನ ಮೇಲೇ ಬಿದ್ದವು. ಆದರೆ 10 ಮಿಲ್‌ಗೆ 36 ಇಂಚಿಗೆ ಬದಲು 37.1 ಇಂಚು ಬಂತು! ನಾಲ್ಕು ಸಲ ಅಳೆದೆ. ಮೂರು ಪರ್ಸೆಂಟ್ ತಪ್ಪು. ಪಕ್ಕದ ಬೆಂಚಿನವರು ಹೇಳಿದ್ದೇ ನಿಜ ಆಯ್ತು. ಅಕ್ಕ, ಸ್ಕೋಪ್ ನಿಮಗೇ. 600ಕ್ಕೆ ಒಪ್ಪಿಗೆ.

ಡೆನ್ವರ್_ಅಕ್ಕ

ನೇರವಾಗಿ ಹೇಳುತ್ತೇನೆ, ಮೂರು ಪರ್ಸೆಂಟ್ ತಪ್ಪು ಇರುವುದಾದರೆ ನನಗೂ ಬೇಡ. 400 ಆದರೆ ನೋಡೋಣ.

ಗಣಿತ_ಮೇಷ್ಟ್ರು

ಇಬ್ಬರೂ ವ್ಯಾಪಾರ ನಿಲ್ಲಿಸಿ.

ಹಾಸನದವರೇ, ನಿಮ್ಮ ಕ್ಲಿಕ್ ಮೂರು ಪರ್ಸೆಂಟ್ ದೊಡ್ಡದು ಅಂತಲೇ ಇಟ್ಟುಕೊಳ್ಳೋಣ. ಆಗ ಸಾವಿರ ಗಜದಲ್ಲಿ ಗುಂಡು ಎಲ್ಲಿ ಬೀಳಬೇಕು? ಮೇಲೆ. ನಿಮ್ಮದು ಬೀಳುತ್ತಿರುವುದು ಕೆಳಗೆ. ಕಳ್ಳ ಪೂರ್ವಕ್ಕೆ ಓಡಿದ, ಹೆಜ್ಜೆ ಗುರುತು ಪಶ್ಚಿಮಕ್ಕೆ ಹೋಗಿದೆ. ಅಂದರೆ ಇವನಲ್ಲ.

ಈಗ ಇನ್ನೊಂದು ಪ್ರಶ್ನೆ. ಆ 100 ಗಜವನ್ನು ನೀವು ಅಳೆದಿರಾ, ಅಥವಾ ರೇಂಜಿನವರು ಬೋರ್ಡ್ ಹಾಕಿದ್ದಾರೆ ಅಂತ ನಂಬಿದಿರಾ? 36 ಇಂಚು ಬರುವುದು ಸರಿಯಾಗಿ 100 ಗಜ ಇದ್ದರೆ ಮಾತ್ರ. 103 ಇದ್ದರೆ 37.1 ಬರುತ್ತದೆ. ನಿಮಗೆ ಬಂದಿರುವುದೂ ಅದೇ. ಇಷ್ಟು ಸರಿಯಾಗಿ ಹೊಂದುವುದು ನೋಡಿದರೆ ನನಗೆ ಸ್ಕೋಪ್‌ಗಿಂತ ನೆಲದ ಮೇಲೇ ಜಾಸ್ತಿ ಅನುಮಾನ. ಟೇಪ್ ತೆಗೆದುಕೊಂಡು ಹೋಗಿ. ಲೇಸರ್ ಬೇಡ, ನೂರು ಗಜದಲ್ಲಿ ಒಂದು ಗಜ ಹೆಚ್ಚು ಕಡಿಮೆ ತೋರಿಸುವ ಲೇಸರ್‌ಗಳೇ ಜಾಸ್ತಿ.

ಕರಾವಳಿ_ಕಂಡಕ್ಟರ್

ಮೇಷ್ಟ್ರು ಕ್ಲಾಸಿನಲ್ಲಿ ಹೀಗೆ ಪಾಠ ಮಾಡಿದ್ದರೆ ನಾನು ಬಸ್ ಹತ್ತುತ್ತಿರಲಿಲ್ಲ.

ಹೂಸ್ಟನ್_ಹಾಸನ

ನಾಚಿಕೆಯಿಂದ ಬರೆಯುತ್ತಿದ್ದೇನೆ. ಟೇಪ್ ಹಿಡಿದು ಅಳೆದೆ. ರೇಂಜಿನವರ ಲೆಕ್ಕ ಮುಂದಿನ ಸಾಲಿನ ಬೆಂಚಿನಿಂದ. ನಾನು ಕೂರುವುದು ಹಿಂದಿನ ಸಾಲಿನಲ್ಲಿ, ಅಲ್ಲಿ ನೆರಳಿದೆ ಅಂತ. ಮಧ್ಯೆ ಸರಿಯಾಗಿ ಒಂಬತ್ತು ಅಡಿ. ಮೂರು ಗಜ.

ಸ್ಕೋಪ್ ಗೆದ್ದಿತು. ಹಾಗಾದರೆ ಸಾವಿರದಲ್ಲಿ ಕೆಳಗೆ ಬೀಳುವುದು ಯಾಕೆ? ಅಲ್ಲಿ ಮೂರು ಗಜ ಹೆಚ್ಚು ಕಡಿಮೆಯಾದರೆ ಇಷ್ಟೊಂದು ಆಗುವುದಿಲ್ಲವಲ್ಲ.

ಗಣಿತ_ಮೇಷ್ಟ್ರು

ಆಗುವುದಿಲ್ಲ. ಆ್ಯಪ್‌ಗೆ ಗುಂಡಿನ ವೇಗ ಎಷ್ಟು ಕೊಟ್ಟಿರಿ? ಎಲ್ಲಿಂದ ತಂದಿರಿ?

ಹೂಸ್ಟನ್_ಹಾಸನ

2,710 ಅಡಿ, ಸೆಕೆಂಡಿಗೆ. ತೋಟಾ ಡಬ್ಬಿಯ ಮೇಲೆ ಬರೆದಿದೆ.

ಡೆನ್ವರ್_ಅಕ್ಕ

ಸಿಕ್ಕಿತು. ಡಬ್ಬಿಯ ಮೇಲಿನ ವೇಗ ಸಾಮಾನ್ಯವಾಗಿ 24 ಇಂಚಿನ ಪರೀಕ್ಷಾ ಬ್ಯಾರೆಲ್‌ನದ್ದು. ನಿಮ್ಮದು 20. ಒಂದೊಂದು ಇಂಚು ಕಡಿಮೆಯಾದಾಗ ಇಪ್ಪತ್ತು, ಇಪ್ಪತ್ತೈದು ಅಡಿ ವೇಗ ಹೋಗುತ್ತದೆ. ನಾಲ್ಕು ಇಂಚಿಗೆ ಸುಮಾರು ನೂರು. ನಾನೂ ಇದೇ ಹಳ್ಳಕ್ಕೆ ಬಿದ್ದವಳು, ಆದರೆ ನನ್ನದು ಉಲ್ಟಾ. ನ್ಯೂ ಮೆಕ್ಸಿಕೋದ ರಾಟನ್ ಹತ್ತಿರ ವಿಟಿಂಗ್ಟನ್ ಸೆಂಟರ್ ಇದೆಯಲ್ಲ, ಅಲ್ಲಿ 1,123 ಗಜ ದೂರದಲ್ಲಿ ಬಿಳಿ ಬಣ್ಣದ ಉಕ್ಕಿನ ಕಾಡೆಮ್ಮೆ ನಿಂತಿದೆ. ಆರು ಸಾವಿರ ಅಡಿಗೂ ಮೇಲಿನ ಜಾಗ, ಗಾಳಿ ತೆಳು. ಆ್ಯಪ್‌ನಲ್ಲಿ ಎತ್ತರ ಬದಲಾಯಿಸಲು ಮರೆತು ಮೊದಲ ಮೂರು ಗುಂಡು ಎಮ್ಮೆಯ ಬೆನ್ನ ಮೇಲೆ ಹಾರಿದವು. ಅವತ್ತು ನಾನೂ ಮೊದಲು ನೋಡಿದ್ದು ಸ್ಕೋಪ್ ಕಡೆಗೇ.

ಗಣಿತ_ಮೇಷ್ಟ್ರು

500 ಗಜದಲ್ಲಿ ಹೊಡೆದದ್ದು ಎಲ್ಲಿ ಬಿತ್ತು, ನೆನಪಿದೆಯಾ? ಈ ಲೆಕ್ಕ ನಿಜ ಆದರೆ ಅಲ್ಲೂ ಸುಮಾರು ಐದು ಇಂಚು ಕೆಳಗೆ ಬಿದ್ದಿರಬೇಕು.

ಹೂಸ್ಟನ್_ಹಾಸನ

ತಟ್ಟೆಯ ಕೆಳ ಅಂಚಿಗೇ ಬೀಳುತ್ತಿತ್ತು ಮೇಷ್ಟ್ರೇ. "ಟಣ್" ಅಂತಲ್ಲ, ಹಾಗಾಗಿ ಸರಿ ಅಂದುಕೊಂಡೆ. ಬಂದೂಕಿನ ಕುದುರೆ ಎಳೆಯುವಾಗ ನಾನೇ ಕೆಳಗೆ ಜಗ್ಗಿರಬೇಕು ಅಂತಲೂ ಅನ್ನಿಸಿತ್ತು.

ಕರಾವಳಿ_ಕಂಡಕ್ಟರ್

ಟಣ್ ಅಂದಮೇಲೆ ಎಲ್ಲಿ ಟಣ್ ಅಂತು ಅಂತ ಯಾರು ನೋಡುತ್ತಾರೆ ಮಾರಾಯ್ರೇ!

ಹೊಸಬ_ಮಿಶಿಗನ್

ಹಾಗಾದರೆ ಸಾವಿರ ಡಾಲರ್‌ನದ್ದಕ್ಕಿಂತ ಕಡಿಮೆಯದ್ದು ಸಾಕಾ? 300 ಡಾಲರ್‌ಗೂ 5-25 ಸಿಗುತ್ತಿದೆ.

ಡೆನ್ವರ್_ಅಕ್ಕ

ಸಿಗುತ್ತದೆ. ಕೆಲವರಿಗೆ ಒಳ್ಳೆಯದೂ ಸಿಕ್ಕಿದೆ. ನನ್ನ ಅಭಿಪ್ರಾಯ ಬೇಕಿದ್ದರೆ, ಒಟ್ಟು ದುಡ್ಡು ಎಷ್ಟಿದೆ ನೋಡಿ, ಅದರಲ್ಲಿ ರಿಂಗು ಮತ್ತು ರೈಲಿಗೆ (ರಿಂಗು ಕೂರುವ, ರೈಫಲ್ ಮೇಲಿನ ಪಟ್ಟಿ) ಮೊದಲು ತೆಗೆದಿಡಿ. ಸಾವಿರದ ಸ್ಕೋಪ್‌ಗೆ 25 ಡಾಲರ್ ರಿಂಗ್ ಹಾಕುವವರನ್ನು ಬಹಳ ನೋಡಿದ್ದೇನೆ. ರಿಂಗಿನ ಮೇಲಿನ ಸ್ಕ್ರೂ 15ರಿಂದ 18 ಇಂಚು-ಪೌಂಡ್ ಸಾಕು, ಅಳತೆಯ ಸ್ಕ್ರೂಡ್ರೈವರ್ ಇಟ್ಟುಕೊಳ್ಳಿ. ಕೈ ಬಲದಲ್ಲಿ ಬಿಗಿದರೆ ಕೊಳವೆ ನಲುಗುತ್ತದೆ, ಟರೆಟ್ ಬಿಗಿಯಾಗುತ್ತದೆ. ಆಮೇಲೆ ಕಂಪನಿಯನ್ನು ಬೈಯುವುದು.

ರೈಲು 20 ಎಂಒಎ ಇಳಿಜಾರಿನದ್ದೇ ಹಾಕಿ. ನನ್ನ ಸ್ಕೋಪ್‌ನಲ್ಲಿ ಮೇಲೆ ಕೆಳಗೆ ಸೇರಿ 20 ಮಿಲ್ ಓಡಾಟ. ಸಪಾಟು ರೈಲಿನ ಮೇಲೆ ಝೀರೋ ನಡುವೆ ಕೂರುತ್ತದೆ, ಮೇಲಕ್ಕೆ ಉಳಿಯುವುದು ಹತ್ತು ಅಷ್ಟೇ. ಇಳಿಜಾರಿನ ರೈಲು 5.8 ಮಿಲ್ ಸೇರಿಸಿಕೊಡುತ್ತದೆ. .308 ತೋಟಾದಲ್ಲಿ ಸಾವಿರ ಗಜಕ್ಕೆ ಹೋಗುವವರಿಗೆ ಇದು ಬೇಕೇ ಬೇಕು, ಅದಕ್ಕೆ ಹನ್ನೆರಡು ಮಿಲ್ ಹತ್ತಿರ ಹತ್ತಿರ ಬೇಕಾಗುತ್ತದೆ.

ಹೂಸ್ಟನ್_ಹಾಸನ

ಗೆಳೆಯರೊಬ್ಬರಿಂದ ವೇಗ ಅಳೆಯುವ ರಾಡಾರ್ ಇಸಿದುಕೊಂಡೆ. ಅಂಗೈ ಅಗಲದ ಡಬ್ಬಿ, ಬೆಂಚಿನ ಮೇಲೆ ಇಟ್ಟರೆ ಆಯಿತು. ಹತ್ತು ಗುಂಡಿನ ಸರಾಸರಿ 2,604.

ಆ್ಯಪ್‌ಗೆ ಕೊಟ್ಟೆ. 8.8 ಇದ್ದದ್ದು 9.6 ಆಯಿತು.

ಭಾನುವಾರ ಬೆಳಿಗ್ಗೆ ಏಳಕ್ಕೇ ಹೋದೆ, ಬಿಸಿಲ್ಗುದುರೆ ಏಳುವ ಮೊದಲು. 9.6 ಹಾಕಿದೆ. ಮೊದಲ ಗುಂಡು ಎಡಕ್ಕೆ ಹೋಯಿತು, ಗಾಳಿ ತಪ್ಪಾಗಿ ಓದಿದ್ದೆ. ಆದರೆ ಎತ್ತರ ಸರಿ ಇತ್ತು, ಧೂಳು ತಟ್ಟೆಯ ಪಕ್ಕದಲ್ಲೇ ಎದ್ದಿತು. ಎರಡನೆಯದಕ್ಕೆ ಅರ್ಧ ಮಿಲ್ ಬಲಕ್ಕೆ ಹಿಡಿದೆ. ಸಾವಿರ ಗಜದಲ್ಲಿ ತಟ್ಟೆ ಅಲ್ಲಾಡುವುದು ಮೊದಲು ಕಾಣುತ್ತದೆ, ಸದ್ದು ಆಮೇಲೆ. ಕುದುರೆ ಎಳೆದು ನಾಲ್ಕು ಸೆಕೆಂಡ್ ದಾಟಿದ ಮೇಲೆ "ಟಣ್" ಕೇಳಿತು. ಇಷ್ಟು ತಡವಾಗಿ ಬಂದ ಸದ್ದು ಇಷ್ಟು ಖುಷಿ ಕೊಡುತ್ತದೆ ಅಂತ ಗೊತ್ತಿರಲಿಲ್ಲ. ಹತ್ತರಲ್ಲಿ ಆರು ಬಿತ್ತು.

ಪಕ್ಕದ ಬೆಂಚಿನವರು ಅವತ್ತು ಬಂದಿರಲಿಲ್ಲ. ಅದೊಂದು ಬೇಜಾರು.

ಗಣಿತ_ಮೇಷ್ಟ್ರು

ಉಳಿದ ನಾಲ್ಕು?

ಹೂಸ್ಟನ್_ಹಾಸನ

ಗಾಳಿ, ಮೇಷ್ಟ್ರೇ. ಎಲ್ಲವೂ ಗಾಳಿ.

ಕರಾವಳಿ_ಕಂಡಕ್ಟರ್

ಗಾಳಿಗೆ ವಾರಂಟಿ ಇಲ್ಲ.

ಡೆನ್ವರ್_ಅಕ್ಕ

ಹಾಗಾದರೆ ಸ್ಕೋಪ್ ಮಾರಾಟಕ್ಕಿಲ್ಲ ಅನ್ನಿ. 600ಕ್ಕೂ ಇಲ್ವಾ?

ಹೂಸ್ಟನ್_ಹಾಸನ

ಇಲ್ಲ ಅಕ್ಕ. ಬೇಕಿದ್ದರೆ ನೆರಳಿನಲ್ಲಿರುವ ಹಿಂದಿನ ಬೆಂಚು ನಿಮಗೆ ಬಿಟ್ಟುಕೊಡುತ್ತೇನೆ.